ಹಳೆಯದರ ಪಕ್ಕದಲ್ಲಿ ಹೊಸದು: ಲಿನಕ್ಸ್ ಗಣಕದಲ್ಲಿ ಬೀಟಾ ತಂತ್ರಾಂಶದ ಪರೀಕ್ಷೆ

ಗಣಕದ ತೆರೆಯ ಮೇಲೆ ಕನ್ನಡದ ಒತ್ತಕ್ಷರವೊಂದು ಕಳಚಿಕೊಂಡು ಬೇರೆಯಾಗಿ ನಿಂತರೆ, ಅಥವಾ ಅರ್ಕಾವತ್ತು ತಾನು ಕೂಡಬೇಕಾದ ವ್ಯಂಜನದ ಬಲಗಡೆಗೆ ಬಾರದೆ ಎಡಗಡೆಯಲ್ಲಿಯೇ ಉಳಿದುಬಿಟ್ಟರೆ, ಆ ದೋಷವನ್ನು ಕಾಣತಕ್ಕವನು ಕನ್ನಡವನ್ನು ಓದಬಲ್ಲವನೇ ಹೊರತು ಆ ತಂತ್ರಾಂಶವನ್ನು ರಚಿಸಿದ ಪಂಡಿತನಲ್ಲ. ಲಿಬ್ರೆಆಫೀಸ್ ಎಂಬ ಬರವಣಿಗೆಯ ತಂತ್ರಾಂಶವನ್ನು ಪೋಷಿಸುತ್ತಿರುವ ‘ಡಾಕ್ಯುಮೆಂಟ್ ಫೌಂಡೇಶನ್’ ಸಂಸ್ಥೆ ಇರುವುದು ಬರ್ಲಿನ್ನಿನಲ್ಲಿ. ಅದಕ್ಕಾಗಿ ದುಡಿಯುವವರು ಭೂಮಂಡಲದ ನಾನಾ ಭಾಗಗಳಲ್ಲಿ ಹಂಚಿಹೋಗಿದ್ದಾರೆ. ‘ಚಿತ್ರದುರ್ಗ’ ಎಂಬ ಹೆಸರು ಸರಿಯಾಗಿ ಮೂಡಿತೋ ಇಲ್ಲವೋ ಎಂಬುದು ಅವರಿಗೆ ತಿಳಿಯಬೇಕಾದರೆ ನಮ್ಮ ಕಡೆಯವರು ಯಾರಾದರೂ ಹೇಳಬೇಕು. ಹೇಳಿದ್ದು ಫಲಿಸಬೇಕಾದರೆ ಹೊಸ ಆವೃತ್ತಿ ಸಿದ್ಧವಾಗಿ ಎಲ್ಲರ ಕೈ ಸೇರುವುದಕ್ಕೆ ಮುಂಚೆಯೇ, ಅದಿನ್ನೂ ಬೀಟಾ ಎನಿಸಿಕೊಂಡಿರುವಾಗಲೇ, ಹೇಳಬೇಕು. ಹಿರಿಯೂರಿನಂಥ ತಾಲ್ಲೂಕು ಕೇಂದ್ರದಲ್ಲಿ ಒಂದೇ ಗಣಕವನ್ನು ಇಟ್ಟುಕೊಂಡು ಅದರಿಂದಲೇ ಜೀವನ ನಡೆಸುವವರು ಕೂಡ ಈ ಕಾರ್ಯವನ್ನು ತಮ್ಮ ನಿತ್ಯದ ಕೆಲಸಕ್ಕೆ ಕಿಂಚಿತ್ತೂ ಅಪಾಯವಿಲ್ಲದಂತೆ ನಡೆಸಬಹುದೆಂಬುದು ನನ್ನ ದೃಢವಾದ ನಂಬಿಕೆ.

ಅಪಾಯದ ಭಯ ಸಹಜವಾದುದು, ನ್ಯಾಯವಾದುದೂ ಹೌದು. ಮಾಘಮಾಸ ಸಮೀಪಿಸಿ ತೇರುಮಲ್ಲೇಶ್ವರಸ್ವಾಮಿಯ ಜಾತ್ರೆಯ ಕರಪತ್ರಗಳೂ ಅದರ ಬೆನ್ನಿಗೇ ಮದುವೆಯ ಲಗ್ನಪತ್ರಿಕೆಗಳೂ ಒಂದರ ಮೇಲೊಂದು ಬಂದು ಬೀಳುವ ದಿನಗಳಲ್ಲಿ, ನನ್ನ ಪರಿಚಯದ ಡಿಟಿಪಿ ಕೆಲಸದವರೊಬ್ಬರೊಡನೆ ಹೊಸ ಆವೃತ್ತಿಯ ಮಾತೆತ್ತಿದಾಗ ಅವರು, “ಈಗ ಬ್ಯಾಡ ಸಾರ್, ನಡೀತಿರೋದು ನಡೀಲಿ” ಎಂದರು. ಆ ಮಾತಿನ ಹಿಂದೆ ಅನುಭವವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ಅಕ್ಷರಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿ ಕೆಲಸ ನಡೆಸುತ್ತಿದ್ದ ಕಾಲದಿಂದಲೂ, ಏನನ್ನಾದರೂ ಬದಲಿಸಿದರೆ ಹಿಂದಿನ ಫೈಲುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುವುದನ್ನು ನಮ್ಮ ಮುದ್ರಣಾಲಯಗಳು ಕಂಡಿವೆ. ಹಾಗಾಗಿ ಹೊಸದನ್ನು ಪರೀಕ್ಷಿಸಿರಿ ಎಂದು ಉಪದೇಶಿಸುವವನು ಹಳೆಯದನ್ನು ಕೆಡಿಸದೆ ಇರುವ ಮಾರ್ಗವನ್ನೂ ತೋರಿಸಬೇಕಾದವನು.

ಆ ಮಾರ್ಗ ನಮ್ಮ ಊರಿಗೆ ಅಪರಿಚಿತವೇನೂ ಅಲ್ಲ. ಊರ ಪಕ್ಕದ ಬಬ್ಬೂರು ಫಾರಂನಲ್ಲಿ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ಹೊಸ ತಳಿಯೊಂದನ್ನು ಪರೀಕ್ಷಿಸುವಾಗ ಅದನ್ನು ಒಂಟಿಯಾಗಿ ಬಿತ್ತುವ ಪದ್ಧತಿಯಿಲ್ಲ. ರೈತರು ಬಹುಕಾಲದಿಂದ ನೆಚ್ಚಿಕೊಂಡಿರುವ ತಳಿಯನ್ನು, ಶೇಂಗಾ ಆದರೆ 1940ರ ಸುಮಾರಿನಲ್ಲಿ ತಿಂಡಿವನದಲ್ಲಿ ರೂಪುಗೊಂಡು ಇಂದಿಗೂ ನಮ್ಮ ಜಿಲ್ಲೆಯ ಹೊಲಗಳನ್ನು ಬಿಡದಿರುವ ಟಿಎಂವಿ-2ರಂಥದನ್ನು, ಅದೇ ಮಣ್ಣಿನಲ್ಲಿ ಅದೇ ಮಳೆಗೆ ಪಕ್ಕದ ಪಾತಿಯಲ್ಲಿಯೇ ಬಿತ್ತಿ, ಎರಡರ ಇಳುವರಿಯನ್ನೂ ಹೋಲಿಸಿ ನೋಡುತ್ತಾರೆ. ಪಾತಿಗಳ ನಡುವಿನ ಬದು ಸ್ಪಷ್ಟವಾಗಿರಬೇಕು. ಕಿತ್ತ ಕಾಯಿ ಕಣದಲ್ಲಿ ಬೆರೆಯಬಾರದು. ಬೆರೆತರೆ ಪರೀಕ್ಷೆಯೂ ಕೆಟ್ಟಿತು, ಮುಂದಿನ ಬಿತ್ತನೆಯ ಬೀಜವೂ ಕೆಟ್ಟಿತು.

ಸ್ಥಿರವಾದುದನ್ನೂ ಪರೀಕ್ಷಾರ್ಥವಾದುದನ್ನೂ ಬೇರೆಬೇರೆಯಾಗಿ ಇಡುವ ವಿವೇಕ ಲಿನಕ್ಸ್ ಪ್ರಪಂಚದಲ್ಲಿ ಮೊದಲಿನಿಂದಲೂ ಇದೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರಿಂದ ಆರಂಭವಾದ ಲಿನಕ್ಸ್ ಕರ್ನೆಲ್, 1994ರಲ್ಲಿ 1.0 ಆವೃತ್ತಿಯನ್ನು ತಲುಪಿದ ಮೇಲೆ ಅನೇಕ ವರ್ಷಗಳ ಕಾಲ ಒಂದು ಸರಳ ನಿಯಮವನ್ನು ಪಾಲಿಸಿತು: ಎರಡನೆಯ ಅಂಕಿ ಸಮಸಂಖ್ಯೆಯಾದರೆ ಅದು ಬಳಕೆಗೆ, ಬೆಸಸಂಖ್ಯೆಯಾದರೆ ಅದು ಪ್ರಯೋಗಕ್ಕೆ. 2.4 ಎಂದರೆ ನೆಚ್ಚಬಹುದು, 2.5 ಎಂದರೆ ಎಚ್ಚರವಿರಬೇಕು. 1993ರಲ್ಲಿ ಇಯಾನ್ ಮರ್ಡಾಕ್ ಸ್ಥಾಪಿಸಿದ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸಮುದಾಯ ಇದನ್ನು ಇನ್ನೂ ವಿಸ್ತರಿಸಿ ‘ಸ್ಟೇಬಲ್’, ‘ಟೆಸ್ಟಿಂಗ್’, ‘ಅನ್‌ಸ್ಟೇಬಲ್’ ಎಂಬ ಮೂರು ಪ್ರವಾಹಗಳನ್ನು ಕಲ್ಪಿಸಿತು. ಹೊಸ ಪ್ಯಾಕೇಜು ಮೊದಲು ಅನ್‌ಸ್ಟೇಬಲ್‌ಗೆ ಬರುತ್ತದೆ. ಅಲ್ಲಿ ಕೆಲವು ದಿನ ಗುರುತರ ದೋಷ ಕಾಣಿಸದೆ ಇದ್ದರೆ ಟೆಸ್ಟಿಂಗ್‌ಗೆ ಇಳಿಯುತ್ತದೆ. ಅಲ್ಲಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಒಂದು ಸ್ಥಿರ ಆವೃತ್ತಿ ಹುಟ್ಟುತ್ತದೆ. 2023ರ ಜೂನ್ 10ರಂದು ಬಂದ ‘ಬುಕ್‌ವರ್ಮ್’, 2025ರ ಆಗಸ್ಟ್ 9ರಂದು ಬಂದ ‘ಟ್ರಿಕ್ಸಿ’ ಹೀಗೆ ಹುಟ್ಟಿದವು.

ಆದರೆ ತಯಾರಕರು ಪ್ರವಾಹಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ನಮ್ಮ ಗಣಕದಲ್ಲಿ ಅವು ಬೇರೆಯಾಗಿ ಉಳಿಯುತ್ತವೆಯೆಂದು ಭಾವಿಸತಕ್ಕದ್ದಲ್ಲ. ಬಹುಮಂದಿ ತಂತ್ರಾಂಶವೆಂದರೆ ಅದರ ಕಾರ್ಯಕಾರಿ ಭಾಗವಷ್ಟೇ ಎಂದು ತಿಳಿದು, ಅದನ್ನು ಬೇರೊಂದು ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿ, ಇನ್ನು ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಅಪಾಯವಿರುವುದು ಆ ಭಾಗದಲ್ಲಲ್ಲ. ಪ್ರತಿಯೊಂದು ತಂತ್ರಾಂಶವೂ ತನ್ನನ್ನು ಬಳಸುವವನ ಅಭ್ಯಾಸಗಳನ್ನು, ನಿಘಂಟಿಗೆ ಸೇರಿಸಿದ ಪದಗಳನ್ನು, ವಿಸ್ತರಣೆಗಳನ್ನು, ಆಯ್ದುಕೊಂಡ ಫಾಂಟುಗಳನ್ನು ಅವನ ಹೋಮ್ ಫೋಲ್ಡರಿನ ಮರೆಯಲ್ಲಿ, ಪ್ರೊಫೈಲ್ ಎಂಬ ಹೆಸರಿನಲ್ಲಿ, ನೆನಪಾಗಿ ಇಟ್ಟುಕೊಂಡಿರುತ್ತದೆ. ಹೊಸ ಆವೃತ್ತಿ ಆ ನೆನಪನ್ನು ತೆರೆದು ತನಗೆ ಬೇಕಾದ ರೂಪಕ್ಕೆ ಪರಿವರ್ತಿಸಿಕೊಂಡಿತೆಂದರೆ, ಮರುದಿನ ಹಳೆಯ ಆವೃತ್ತಿಗೆ ತನ್ನದೇ ನೆನಪು ಅರ್ಥವಾಗದೆ ಹೋಗಬಹುದು. ಪ್ರತ್ಯೇಕಿಸಬೇಕಾದುದು ಯಂತ್ರವನ್ನಲ್ಲ, ಯಂತ್ರದ ನೆನಪನ್ನು. ಇದೊಂದು ಮನಸ್ಸಿಗೆ ಬಂದರೆ ಮಿಕ್ಕದ್ದೆಲ್ಲ ವಿವರ ಮಾತ್ರ.

ಲಿಬ್ರೆಆಫೀಸ್ ಈ ವಿಷಯದಲ್ಲಿ ದೂರದೃಷ್ಟಿಯಿಂದ ನಡೆದುಕೊಂಡಿದೆ. ಅದರ ಬೀಟಾವನ್ನು ಅಧಿಕೃತ ತಾಣದಿಂದ ತಂದು ಇನ್‌ಸ್ಟಾಲ್ ಮಾಡಿದರೆ ಅದು ‘ಲಿಬ್ರೆಆಫೀಸ್‌ಡೆವ್’ ಎಂಬ ಬೇರೆ ಹೆಸರಿನಿಂದ, ಲಿನಕ್ಸ್‌ನಲ್ಲಿ ಹೊರಗಿನಿಂದ ತಂದ ತಂತ್ರಾಂಶಗಳಿಗೆಂದೇ ಮೀಸಲಾದ ‘ಆಪ್ಟ್’ ಫೋಲ್ಡರಿನಲ್ಲಿ ನೆಲೆಸುತ್ತದೆ. ಪ್ರೊಫೈಲನ್ನೂ ಅದೇ ಹೆಸರಿನಿಂದ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಮೆನುವಿನಲ್ಲಿ ಎರಡೂ ಅಕ್ಕಪಕ್ಕದಲ್ಲಿ ಕಾಣಿಸುತ್ತವೆ. ಆದರೆ ಬೀಟಾದ ಅನಂತರ ಬರುವ ‘ರಿಲೀಸ್ ಕ್ಯಾಂಡಿಡೇಟ್’, ಅರ್ಥಾತ್ ಬಿಡುಗಡೆಗೆ ಬಹುಮಟ್ಟಿಗೆ ಸಿದ್ಧವಾದ ಪ್ರತಿ, ಈ ರೀತಿ ವರ್ತಿಸುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಅದು ಸಿದ್ಧ ಆವೃತ್ತಿಯ ಹೆಸರನ್ನೇ ಧರಿಸಿ ಬಂದು ನಿಮ್ಮ ನಿತ್ಯದ ಪ್ರೊಫೈಲನ್ನೇ ತೆರೆಯುತ್ತದೆ. ಬೀಟಾಕ್ಕಿಂತ ಪಕ್ವವಾದುದಾದ್ದರಿಂದ ಅದನ್ನು ಹೆಚ್ಚು ನಂಬುತ್ತೇವೆ. ಪ್ರತ್ಯೇಕತೆಯ ದೃಷ್ಟಿಯಿಂದ ನೋಡಿದರೆ ಹೆಚ್ಚು ಎಚ್ಚರ ಬೇಕಾದದ್ದು ಅದಕ್ಕೇ. ಪ್ರಾರಂಭಿಸುವ ಆಜ್ಞೆಯಲ್ಲಿ ‘ಯೂಸರ್‌ಇನ್‌ಸ್ಟಲೇಶನ್’ ಎಂಬ ಸೂಚನೆಯ ಮೂಲಕ ಬೇರೊಂದು ಫೋಲ್ಡರನ್ನು ಹೆಸರಿಸಿದರೆ ಅದು ತನ್ನ ನೆನಪನ್ನು ಅಲ್ಲಿಯೇ ಇಟ್ಟುಕೊಳ್ಳುತ್ತದೆ.

ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗಿದೆ. 2019ರ ಮೇ ತಿಂಗಳಿನಲ್ಲಿ ಬಂದ 67ನೆಯ ಆವೃತ್ತಿಯಿಂದ ಮೊದಲ್ಗೊಂಡು, ಒಂದೇ ಗಣಕದಲ್ಲಿರುವ ಪ್ರತಿಯೊಂದು ಫೈರ್‌ಫಾಕ್ಸ್ ಪ್ರತಿಗೂ ಅದರದೇ ಪ್ರೊಫೈಲ್ ದೊರೆಯುತ್ತದೆ. ಹೊಸದು ಬಳಸಿದ ಪ್ರೊಫೈಲನ್ನು ಹಳೆಯದು ತೆರೆಯಹೋದರೆ ತಡೆದು ಎಚ್ಚರಿಸುವ ವ್ಯವಸ್ಥೆಯೂ ಬಂದಿದೆ. ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡುವ ಫ್ಲಾಟ್‌ಪ್ಯಾಕ್ ಎಂಬ ವಿಧಾನದಲ್ಲಿ ಮಾತ್ರ ಸ್ವಲ್ಪ ಮೋಸ ಹೋಗುವ ಸಂಭವವುಂಟು. ಒಂದೇ ತಂತ್ರಾಂಶದ ಸ್ಥಿರ ಶಾಖೆಯನ್ನೂ ಬೀಟಾ ಶಾಖೆಯನ್ನೂ ಅದು ಒಟ್ಟಿಗೆ ಇರಗೊಡುತ್ತದೆಯಾದರೂ, ಎರಡು ಶಾಖೆಗಳ ದತ್ತಾಂಶವೂ ಹೋಮ್ ಫೋಲ್ಡರಿನ ಒಂದೇ ಸ್ಥಳಕ್ಕೆ ಹೋಗಿ ಸೇರುತ್ತದೆ. ಹೊರನೋಟಕ್ಕೆ ಎರಡು ಮನೆ, ಒಳಗೆ ಒಂದೇ ಉಗ್ರಾಣ.

ಎಲ್ಲಕ್ಕಿಂತ ಗಂಡಾಂತರಕಾರಿಯಾದುದು ಇನ್ನೊಂದಿದೆ. ಸ್ಥಿರ ಡೆಬಿಯನ್ ಇರುವ ಗಣಕಕ್ಕೆ ಟೆಸ್ಟಿಂಗ್ ಪ್ರವಾಹದ ಭಂಡಾರವನ್ನು ಜೋಡಿಸಿ, ತನಗೆ ಬೇಕಾದ ಒಂದೇ ಒಂದು ಹೊಸ ಪ್ಯಾಕೇಜನ್ನು ತರಿಸಿಕೊಳ್ಳುವೆನೆಂದು ಹೊರಡುವುದು. ಆ ಪ್ಯಾಕೇಜು ತನಗಾಗಿ ಹೊಸ ಲೈಬ್ರರಿಗಳನ್ನು ಬೇಡುತ್ತದೆ. ಅವು ಗಣಕದ ಸಮಸ್ತ ತಂತ್ರಾಂಶಗಳಿಗೂ ಆಧಾರವಾದ ಸಿ ಲೈಬ್ರರಿಯ ಹೊಸ ಆವೃತ್ತಿಯನ್ನು ಬೇಡುತ್ತವೆ. ಹೀಗೆ ಒಂದನ್ನು ಹಿಂಬಾಲಿಸಿ ಹತ್ತಾರು ಬಂದು, ಕಡೆಗೆ ಗಣಕವು ಸ್ಟೇಬಲ್ ಕೂಡ ಅಲ್ಲದ, ಟೆಸ್ಟಿಂಗ್ ಕೂಡ ಅಲ್ಲದ, ಯಾರೂ ಪರೀಕ್ಷಿಸಿರದ ಒಂದು ಸಂಕರವಾಗಿ ಪರಿಣಮಿಸುತ್ತದೆ. ಡೆಬಿಯನ್ನಿನವರು ಇದನ್ನು ‘ಫ್ರಾಂಕನ್‌ಡೆಬಿಯನ್’ ಎಂದು ಕರೆದು, ಹಾಗೆ ಮಾಡಬೇಡಿರೆಂದು ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. ಒಮ್ಮೆ ಹೀಗಾದ ಮೇಲೆ ಹಿಂದಿರುಗುವ ದಾರಿ ಬಹಳ ದುರ್ಗಮ. ಟೈಮ್‌ಶಿಫ್ಟ್‌ನಂಥ ಉಪಕರಣದಿಂದ ಮೊದಲೇ ಗಣಕದ ಸ್ಥಿತಿಯನ್ನು ದಾಖಲಿಸಿಟ್ಟಿದ್ದರೆ ಪಾರಾಗಬಹುದು. ಆದರೆ ಅದು ಸ್ವಭಾವತಃ ವ್ಯವಸ್ಥೆಯ ಕಡತಗಳನ್ನು ಮಾತ್ರ ಕಾಯುತ್ತದೆ, ಹೋಮ್ ಫೋಲ್ಡರಿನಲ್ಲಿರುವ ನಮ್ಮ ಬರಹಗಳನ್ನಲ್ಲ ಎಂಬುದನ್ನು ಮರೆಯಕೂಡದು. ಅವುಗಳ ನಕಲು ಬೇರೊಂದು ಡಿಸ್ಕಿನಲ್ಲಿ ಇರಲೇಬೇಕು.

ಇಷ್ಟೆಲ್ಲ ಸೂಕ್ಷ್ಮಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಲು ವ್ಯವಧಾನವಿಲ್ಲದವರಿಗೆ ನಾನು ಸೂಚಿಸುವ ಉಪಾಯ ಅತ್ಯಂತ ಹಳೆಯದು: ಗಣಕದಲ್ಲಿ ಇನ್ನೊಬ್ಬ ಬಳಕೆದಾರನನ್ನು ಸೃಷ್ಟಿಸುವುದು. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳು ಅನೇಕರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವುದಕ್ಕಾಗಿಯೇ ಬೆಳೆದು ಬಂದವಾದ್ದರಿಂದ, ಒಬ್ಬನ ಹೋಮ್ ಫೋಲ್ಡರು ಇನ್ನೊಬ್ಬನ ಕೈಗೆ ಸಿಕ್ಕದಂತೆ ಕಾಯುವುದು ಅವುಗಳ ಮೂಲಧರ್ಮ. ಉಬುಂಟು 21.04ರಿಂದೀಚೆಗೆ ಒಬ್ಬ ಬಳಕೆದಾರ ಇನ್ನೊಬ್ಬನ ಫೋಲ್ಡರನ್ನು ಓದುವುದಕ್ಕೂ ಅವಕಾಶವಿಲ್ಲ. ಪರೀಕ್ಷೆಗಾಗಿಯೇ ಒಂದು ಹೆಸರನ್ನು ತೆರೆದು, ಅದಕ್ಕೆ ಆಡಳಿತದ ಅಧಿಕಾರವನ್ನು ಕೊಡದೆ, ಬೀಟಾ ತಂತ್ರಾಂಶವನ್ನು ಆ ಹೆಸರಿನಿಂದ ಪ್ರವೇಶಿಸಿ ಮಾತ್ರ ನಡೆಸಿದರೆ, ಅದು ಎಷ್ಟೇ ಅವಾಂತರ ಮಾಡಿದರೂ ತನ್ನ ಅಂಗಳದಲ್ಲಿಯೇ ಮಾಡುತ್ತದೆ. ಡೆಸ್ಕ್‌ಟಾಪ್ ಪರಿಸರವನ್ನೋ ಇಡೀ ಲಿನಕ್ಸ್ ವಿತರಣೆಯನ್ನೋ ಪರೀಕ್ಷಿಸುವುದಾದರೆ ಇದು ಸಾಲದು. ಅದಕ್ಕೆ ವರ್ಚುಯಲ್ ಮಷೀನ್ ಅಥವಾ ಪೆನ್‌ಡ್ರೈವಿನಿಂದ ನೇರವಾಗಿ ನಡೆಯುವ ಲೈವ್ ಪ್ರತಿಯೇ ಯೋಗ್ಯ.

ಇನ್ನು ಪರೀಕ್ಷೆಗೆ ಒಡ್ಡುವ ಬರಹದ ವಿಚಾರ. ಅದು ನಿಜವಾದ ಬರಹವಾಗಿರಬೇಕು, ಆದರೆ ಅದರ ನಕಲಾಗಿರಬೇಕು. ಮೂಲವನ್ನೇ ಬೀಟಾದಲ್ಲಿ ತೆರೆದು ಸೇವ್ ಮಾಡಿದರೆ, ಹೊಸ ಆವೃತ್ತಿ ಅದರೊಳಗೆ ಬರೆದ ವಿವರಗಳಲ್ಲಿ ಕೆಲವನ್ನು ಹಳೆಯದು ಗ್ರಹಿಸದೆ ಕೈಬಿಡಬಹುದು. ನನ್ನ ಮೇಜಿನ ಮೇಲೆ ಈಗ ಇರುವುದು ವಾಣಿವಿಲಾಸ ಸಾಗರವನ್ನು ಕುರಿತ ಒಂದು ಕಿರುಹೊತ್ತಗೆಯ ಕರಡು: ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಆರಂಭವಾದ ಅಣೆಕಟ್ಟಿನ ಕೆಲಸ 1907ರಲ್ಲಿ ಮುಗಿದುದು, 1933ರಲ್ಲಿ ಕೋಡಿ ಹರಿದುದು, ಮತ್ತೆ ಅಂಥ ದೃಶ್ಯವನ್ನು ಕಾಣಲು 2022ರವರೆಗೆ ಜನ ಕಾದುದು. ಶೀರ್ಷಿಕೆಗಳು, ಅಡಿಟಿಪ್ಪಣಿಗಳು, ಕನ್ನಡ ಅಂಕಿಗಳಲ್ಲಿರುವ ಪುಟಸಂಖ್ಯೆ, ನೀರಿನ ಮಟ್ಟದ ಪಟ್ಟಿ, ಹಳೆಯ ಛಾಯಾಚಿತ್ರ ಎಲ್ಲವೂ ಇರುವ ಇಂಥ ಬರಹ ತಂತ್ರಾಂಶವನ್ನು ಶೋಧಿಸುವಷ್ಟು, ಪರೀಕ್ಷೆಗೆಂದೇ ಹೊಸೆದ ನಾಲ್ಕು ಸಾಲುಗಳು ಶೋಧಿಸಲಾರವು.

ಅದರ ಜೊತೆಗೆ ಒಂದು ಪುಟದಷ್ಟು ಕಠಿಣ ಪದಗಳ ಪಟ್ಟಿಯೂ ಬೇಕು. ‘ಚಿತ್ರದುರ್ಗ’ವನ್ನೇ ತೆಗೆದುಕೊಳ್ಳಿ. ಗಣಕದ ನೆನಪಿನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿಯೇ ಇರುತ್ತದೆ. ‘ದು’ ಆದ ಮೇಲೆ ರಕಾರ, ಹಲಂತ, ಗಕಾರ. ತೆರೆಯ ಮೇಲೆ ಮಾತ್ರ ಗಕಾರ ಮುಂದೆ ಬಂದು ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ಸರಿಯಬೇಕು. ಅದೇ ಪದದ ‘ತ್ರ’ದಲ್ಲಿಯೋ ರಕಾರ ತಕಾರಕ್ಕೆ ಒತ್ತಾಗಿ ಕೂಡಬೇಕು. ಒಂದೇ ಹೆಸರಿನಲ್ಲಿ ರಕಾರದ ಎರಡು ನಡೆಗಳೂ ಇರುವುದರಿಂದ ನಮ್ಮ ಜಿಲ್ಲೆಯ ಹೆಸರಿಗಿಂತ ಉತ್ತಮವಾದ ಒರೆಗಲ್ಲು ಹುಡುಕಿದರೂ ಸಿಕ್ಕುವುದು ಕಷ್ಟ. ‘ಸೂರ್ಯ’ದ ಪಕ್ಕದಲ್ಲಿ ‘ರ‍್ಯಾಂಕ್’ ಎಂದು ಬರೆಯಿರಿ. ಎರಡರಲ್ಲಿಯೂ ರಕಾರದ ಮೇಲೆ ಯಕಾರವಿದೆ. ಎರಡನೆಯದರಲ್ಲಿ ಅರ್ಕಾವತ್ತು ಬಾರದೆ ಯಕಾರವೇ ಒತ್ತಾಗಬೇಕು. ಅದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಝೆಡ್‌ಡಬ್ಲ್ಯುಜೆ ಎಂಬ ಚಿಹ್ನೆಯನ್ನು ಇಡುತ್ತೇವೆ. ‘ಸಾಫ್ಟ್‌ವೇರ್’ನಲ್ಲಿ ಟಕಾರದ ಕೆಳಗೆ ವಕಾರ ಒತ್ತಾಗಿ ಇಳಿಯದಂತೆ ತಡೆಯುವುದು ಅದರ ಸೋದರ ಚಿಹ್ನೆಯಾದ ಝೆಡ್‌ಡಬ್ಲ್ಯುಎನ್‌ಜೆ. ಈ ಅದೃಶ್ಯ ಚಿಹ್ನೆಗಳನ್ನು ಹೊಸ ಆವೃತ್ತಿ ಉಳಿಸಿಕೊಂಡಿತೇ? ನಕಲು ಮಾಡಿ ಅಂಟಿಸಿದಾಗ ಅವು ಉದುರಿಹೋದುವೇ? ಅವಿದ್ದರೂ ಹುಡುಕಿದ ಪದ ಸಿಕ್ಕಿತೇ? ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಗಣಕಕ್ಕೆ ಆರು ಸಂಕೇತಗಳು. ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಏನು ಅಳಿಯುತ್ತದೆ, ಬಾಣದ ಕೀಲಿಯೊಮ್ಮೆ ಒತ್ತಿದರೆ ಕರ್ಸರ್ ಎಲ್ಲಿ ನಿಲ್ಲುತ್ತದೆ, ಸಾಲಿನ ಅಂಚಿನಲ್ಲಿ ಅದು ಎರಡು ತುಂಡಾಗುತ್ತದೆಯೇ? ಪಿಡಿಎಫ್ ಮಾಡಿ ಅದರಿಂದ ‘ಧರ್ಮಪುರ’ವನ್ನು ಮತ್ತೆ ನಕಲು ಮಾಡಿಕೊಂಡರೆ ಅಕ್ಷರಗಳು ಕ್ರಮ ತಪ್ಪದೆ ಹಿಂದಿರುಗುತ್ತವೆಯೇ?

ಅಕ್ಷರಗಳನ್ನು ಹೀಗೆ ಜೋಡಿಸಿ ಕೊಡುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಸ್ವತಂತ್ರ ತಂತ್ರಾಂಶ ಮಾಡುತ್ತದೆ. ಫೈರ್‌ಫಾಕ್ಸ್, ಆಂಡ್ರಾಯ್ಡ್ ಎರಡೂ ಅದನ್ನೇ ನೆಚ್ಚಿವೆ. ಲಿಬ್ರೆಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ಗಣಕಗಳಲ್ಲಿಯೂ ಅದನ್ನೇ ಬಳಸುತ್ತಿದೆ. ಅಧಿಕೃತ ತಾಣದಿಂದ ತಂದ ಬೀಟಾ ತನ್ನ ಹಾರ್ಫ್‌ಬಜ್ ಪ್ರತಿಯನ್ನು ತಾನೇ ಹೊತ್ತು ತರುತ್ತದೆ. ಹೀಗಾಗಿ ಒಂದೇ ಗಣಕದಲ್ಲಿ, ಒಂದೇ ಗುಬ್ಬಿ ಫಾಂಟಿನಲ್ಲಿ ಅಥವಾ ನವಿಲು ಫಾಂಟಿನಲ್ಲಿ, ಒಂದೇ ಪದ ಎರಡು ಕಿಟಕಿಗಳಲ್ಲಿ ಎರಡು ವಿಧವಾಗಿ ಕಂಡರೆ, ದೋಷ ಫಾಂಟಿನದಲ್ಲ, ತಂತ್ರಾಂಶದ್ದು ಎಂದು ತತ್‌ಕ್ಷಣವೇ ನಿರ್ಧರಿಸಬಹುದು. ಹಳೆಯದನ್ನು ಪಕ್ಕದಲ್ಲಿಯೇ ಇಟ್ಟುಕೊಂಡಿರುವುದರ ನಿಜವಾದ ಲಾಭ ಇದು. ಬರಿಯ ರಕ್ಷಣೆಗಾಗಿ ಅಲ್ಲ, ಸಾಕ್ಷ್ಯಕ್ಕಾಗಿಯೂ ಅದು ಅಲ್ಲಿರಬೇಕು.

ಏಕೆಂದರೆ ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿನಿಂದ ಯಾವ ತಂತ್ರಜ್ಞನಿಗೂ ಏನೂ ತಿಳಿಯುವುದಿಲ್ಲ. ಇಂಥ ಸ್ಥಿರ ಆವೃತ್ತಿಯಲ್ಲಿ ಸರಿಯಿತ್ತು, ಇಂಥ ಬೀಟಾದಲ್ಲಿ ತಪ್ಪಾಗಿದೆ ಎಂದು ಎರಡರ ಪೂರ್ಣ ಸಂಖ್ಯೆಗಳನ್ನೂ ಬರೆದು, ದೋಷ ಕಾಣುವ ಒಂದೇ ಪದವುಳ್ಳ ಪುಟ್ಟ ಕಡತವನ್ನೂ, ಎರಡು ಕಿಟಕಿಗಳ ಚಿತ್ರವನ್ನೂ, ಸರಿಯಾದ ರೂಪ ಹೇಗಿರಬೇಕೆಂಬ ವಿವರಣೆಯನ್ನೂ ಜೋಡಿಸಿ ಬಗ್‌ಜಿಲ್ಲಾ ಎಂಬ ದೋಷಗಳ ದಾಖಲೆಯಲ್ಲಿ ಸೇರಿಸಿದರೆ, ಅದು ಕೆಲಸಕ್ಕೆ ಬರುವ ಸಾಕ್ಷ್ಯ. ಹಿಂದೆ ಸರಿಯಿದ್ದು ಈಗ ಕೆಟ್ಟದ್ದು ಎಂದು ಗೊತ್ತಾದರೆ, ನಡುವೆ ನಡೆದ ಬದಲಾವಣೆಗಳನ್ನು ಅರ್ಧರ್ಧವಾಗಿ ಭಾಗಿಸುತ್ತಾ ಹೋಗಿ ಕೆಡಿಸಿದ ಬದಲಾವಣೆಯನ್ನೇ ಹಿಡಿಯುವ ಕ್ರಮವೊಂದುಂಟು. ಸಾವಿರದಷ್ಟು ಬದಲಾವಣೆಗಳಿದ್ದರೂ ಹತ್ತು ಸಲ ಪರೀಕ್ಷಿಸುವುದರೊಳಗೆ ಅದು ಸಿಕ್ಕುತ್ತದೆ. ಆ ಶೋಧನೆಯನ್ನು ಬರ್ಲಿನ್ನಿನವರೋ ಬೇರೆ ಯಾರೋ ಮಾಡಿಯಾರು. ಆರಂಭದ ಎರಡು ತುದಿಗಳನ್ನು ಹಿಡಿದುಕೊಡಬೇಕಾದವರು ಕನ್ನಡಿಗರೇ. ಇಂಗ್ಲಿಷ್ ದೋಷವಾದರೆ ಲಕ್ಷಾಂತರ ಮಂದಿ ನೋಡುತ್ತಾರೆ. ನಮ್ಮ ಅರ್ಕಾವತ್ತಿನ ದೋಷವನ್ನು ಬೀಟಾ ಕಾಲದಲ್ಲಿ ಯಾರೂ ನೋಡದಿದ್ದರೆ, ಅದು ಹಾಗೆಯೇ ಸಿದ್ಧ ಆವೃತ್ತಿಯಾಗಿ ಬಂದು, ಕಡೆಗೆ ಜಾತ್ರೆಯ ಕರಪತ್ರದಲ್ಲಿ ಅಚ್ಚಾಗುತ್ತದೆ.

ಎಲ್ಲರೂ ಬೀಟಾ ಬಳಸಬೇಕೆಂದು ನಾನು ಹೇಳುತ್ತಿಲ್ಲ. ಉದಾಹರಣೆಗೆ, ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವ ಕೇರಳದ ಶಾಲೆಗಳಲ್ಲಿ ಬಹುಕಾಲದಿಂದ ಸ್ವತಂತ್ರ ತಂತ್ರಾಂಶವೇ ಬಳಕೆಯಲ್ಲಿದೆ. ಅಲ್ಲಿಯ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗೆ ಕೊಡುವ ಲಿನಕ್ಸ್, ಉಬುಂಟುವಿನ ದೀರ್ಘಕಾಲದ ಬೆಂಬಲವುಳ್ಳ ಆವೃತ್ತಿಯನ್ನು ಆಧರಿಸಿದುದು. ಎರಡು ವರ್ಷಕ್ಕೊಮ್ಮೆ ಬಂದು ಐದು ವರ್ಷ ರಕ್ಷಣೆ ಪಡೆಯುವ ಅಂಥ ಆವೃತ್ತಿಗಳೇ ತರಗತಿಗೆ ತಕ್ಕವು. ಆದರೆ ಆ ಸ್ಥಿರತೆ ಆಕಾಶದಿಂದ ಇಳಿದುದಲ್ಲ. ಅದಕ್ಕೆ ಮೊದಲು ಯಾರೋ ಕೆಲವರು ತಮ್ಮ ಗಣಕದ ಒಂದು ಮೂಲೆಯಲ್ಲಿ ಅಸ್ಥಿರವಾದುದನ್ನು ನಡೆಸಿ, ಕಂಡದ್ದನ್ನು ಬರೆದು ತಿಳಿಸಿದ್ದಾರೆ. ಆ ಕೆಲವರಲ್ಲಿ ಕನ್ನಡ ಬರೆಯುವವರು ಒಬ್ಬಿಬ್ಬರಾದರೂ ಇರಬೇಕು, ಜಿಲ್ಲೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು.

ಲಿಬ್ರೆಆಫೀಸಿನ ಹೊಸ ಆವೃತ್ತಿ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬರುತ್ತದೆ. ಬೀಟಾ ಅದಕ್ಕೆ ಒಂದೆರಡು ತಿಂಗಳು ಮೊದಲು. ನಮ್ಮ ಮುದ್ರಣದವರಿಗೆ ಮಾಘದ ನೂಕುನುಗ್ಗಲಿನಲ್ಲಿ ಬಿಡುವಿರುವುದಿಲ್ಲ. ಆಗಸ್ಟಿಗೆ ಮುಂಚಿನ ಬೀಟಾ ಮುಂಗಾರಿನ ಆರಂಭದಲ್ಲಿ ಬರುವುದರಿಂದ ಅದನ್ನು ಆರಿಸಿಕೊಳ್ಳುವುದು ಅನುಕೂಲ. ಒಂದು ಸಂಜೆ ಆ ಪದಗಳ ಪಟ್ಟಿಯನ್ನೂ ಒಂದು ಹಳೆಯ ಬರಹದ ನಕಲನ್ನೂ ಅದರಲ್ಲಿ ತೆರೆದು ನೋಡಿದರೆ ಸಾಕು. ಸಿದ್ಧ ಆವೃತ್ತಿ ಹೊರಬಂದ ಮೇಲೆ ಬೀಟಾ ಪ್ಯಾಕೇಜುಗಳನ್ನೂ ಅದರ ಪ್ರೊಫೈಲನ್ನೂ ತೆಗೆದುಹಾಕಿ, ಪರೀಕ್ಷೆಯ ಬಳಕೆದಾರನ ಫೋಲ್ಡರನ್ನು ಬರಿದು ಮಾಡಿ, ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳಿ. ಮುಂದಿನ ಬಾರಿ ಅದಕ್ಕೆ ಸೇರಿಸಲು ಒಂದೆರಡು ಹೊಸ ಪದಗಳು ಸಿಕ್ಕಿರುತ್ತವೆ.